ಸಹಾಯ ಬೇಕು: ಸಮ್ಮೇಳನದ ಪ್ರಬಂಧಗಳು ಬೋಧಕ ಹುದ್ದೆಯ ಅರ್ಜಿಯಲ್ಲಿ ಲೆಕ್ಕಕ್ಕೆ ಬರುತ್ತವೆಯೇ?

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಸಾಮಾಜಿಕ ನೆರವಿನ ರೋಬಾಟ್‌ಗಳ ಕುರಿತ ನನ್ನ ಪಿಎಚ್‌.ಡಿ. ಮುಗಿಯುವ ಹಂತದಲ್ಲಿದೆ. ಮೈ ಮುಟ್ಟದೆ, ಮಾತು ಮತ್ತು ಹಾವಭಾವಗಳಿಂದಲೇ ರೋಗಿಯನ್ನು ಹುರಿದುಂಬಿಸುವ ಯಂತ್ರಗಳಿವು. ಉದಾಹರಣೆಗೆ, 58 ಸೆಂ.ಮೀ. ಎತ್ತರದ, ಮನುಷ್ಯಾಕಾರದ ನಾವೊ ರೋಬಾಟ್ ತೋಳೆತ್ತಿ ತೋರಿಸಿದರೆ, ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರು ಅದನ್ನು ನೋಡಿ ತಾವೂ ಎತ್ತುತ್ತಾರೆ.

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಬೇಕೆಂದಿದ್ದೇನೆ. ನಮ್ಮ ಕ್ಷೇತ್ರದ ಎಚ್‌ಆರ್‌ಐ (ಮಾನವ-ರೋಬಾಟ್ ಒಡನಾಟ) ಸಮ್ಮೇಳನವು ಪೂರ್ಣ ಪ್ರಬಂಧವನ್ನೇ ತಜ್ಞರಿಂದ ಪರಿಶೀಲಿಸಿ ಆಯ್ಕೆ ಮಾಡುವುದರಿಂದ ನನ್ನ ಮುಖ್ಯ ಪ್ರಬಂಧಗಳೆಲ್ಲ ಅಲ್ಲಿಯೇ ಪ್ರಕಟವಾಗಿವೆ. ಆದರೆ ಅರ್ಜಿಯ ನಮೂನೆಯಲ್ಲಿರುವುದು ನಿಯತಕಾಲಿಕೆಗಳ ಕಾಲಂ ಮಾತ್ರ. ಕಾಲೇಜಿಗೆ ಇಮೇಲ್ ಬರೆದರೆ ‘ನಿಯಮಾನುಸಾರ’ ಎಂಬ ಒಂದೇ ಪದದ ಉತ್ತರ ಬಂತು (ಯಾವ ನಿಯಮವೋ!). ನನ್ನ ಮಾರ್ಗದರ್ಶಕರಿಗೆ ಭಾರತದ ಪದ್ಧತಿ ತಿಳಿಯದು.

ಸಮ್ಮೇಳನದ ಪ್ರಬಂಧಗಳನ್ನು ಆಯ್ಕೆ ಸಮಿತಿಯು ಪರಿಗಣಿಸುವಂತೆ ಮಾಡಲು ನೀವು ಯಾವ ದಾಖಲೆ ಲಗತ್ತಿಸಿದಿರಿ? ಅಥವಾ ಅವನ್ನು ವಿಸ್ತರಿಸಿ ನಿಯತಕಾಲಿಕೆಯಲ್ಲಿ ಪ್ರಕಟಿಸಿದ ಬಳಿಕವೇ ಅರ್ಜಿ ಹಾಕುವುದು ಸೂಕ್ತವೇ?