ಮಕ್ಕಳ ಡಿಜಿಟಲ್ ಕೃತಿ ಸಂಪುಟ: ಯಾವ ಟೂಲ್, ಎಲ್ಲಿ ಕೈಕೊಡುತ್ತೆ?

ಪ್ರಶ್ನೆ (ಸಮಾಜ ವಿಜ್ಞಾನ ಶಿಕ್ಷಕಿ, ಚಿತ್ರದುರ್ಗ): ಒಂಬತ್ತನೇ ತರಗತಿ, 40 ಮಕ್ಕಳು. ಎಫ್ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗಳ ಕೃತಿ ಸಂಪುಟವನ್ನು (ಮಗುವಿನ ಕೆಲಸಗಳ ಸಂಗ್ರಹ) ಈ ಸಲ ಆನ್‌ಲೈನ್‌ನಲ್ಲಿ ಮಾಡಿಸಬೇಕು ಅಂತಿದೀನಿ. ಲ್ಯಾಬ್‌ನಲ್ಲಿ ಕಂಪ್ಯೂಟರ್ 8, ಮನೇಲಿ ಅಪ್ಪ-ಅಮ್ಮನ ಮೊಬೈಲ್ ಅಷ್ಟೇ. ನೋಡುವವರು ಮಕ್ಕಳ ಧ್ವನಿ ಒತ್ತಿ ಕೇಳೋ ಹಾಗೆ, ಅಭಿಪ್ರಾಯ ಬರೆಯೋ ಹಾಗೆ ಇರಬೇಕು. ಯಾವುದರಲ್ಲಿ ಮಾಡಿಸಲಿ? ಜಾಗ ಸಾಲುತ್ತಾ?

ಉತ್ತರ (ಐಸಿಟಿ ತರಬೇತುದಾರ, ದಾವಣಗೆರೆ): ಗೂಗಲ್ ಸೈಟ್ಸ್ (ಗೂಗಲ್‌ನ ಉಚಿತ ವೆಬ್‌ಸೈಟ್ ಕಟ್ಟುವ ಟೂಲ್) ಹಿಡಿಯಿರಿ. ಪ್ಯಾಡ್ಲೆಟ್ (ಚೀಟಿ ಅಂಟಿಸುವ ಆನ್‌ಲೈನ್ ಬೋರ್ಡ್) ನೋಡೋಕೆ ಚೆಂದ, ಆದರೆ ಉಚಿತ ಖಾತೆಯಲ್ಲಿ ಬೋರ್ಡ್‌ಗಳಿಗೆ ಮಿತಿ ಇದೆ. ಇಡೀ ತರಗತಿಯ ಒಂದು ಗೋಡೆಗೆ ಸರಿ, ಮಗುವಿಗೊಂದು ಸಂಪುಟಕ್ಕೆ ಸಾಲದು.

ಸೈಟ್ಸ್‌ನ ದೊಡ್ಡ ತೊಡಕು: ಮೊಬೈಲ್‌ನಲ್ಲಿ ನೋಡಬಹುದು, ಕಟ್ಟೋಕೆ ಕಂಪ್ಯೂಟರೇ ಬೇಕು. ಆದ್ದರಿಂದ ಕೆಲಸ ಹಂಚಿಬಿಡಿ. ಮನೆಯ ಮೊಬೈಲ್‌ನಲ್ಲಿ ಸಾಮಗ್ರಿ ಸಂಗ್ರಹ: ನೋಟ್ಸ್ ಪುಟಗಳನ್ನು ಗೂಗಲ್ ಡ್ರೈವ್ (ಆನ್‌ಲೈನ್ ಕಡತ ಸಂಗ್ರಹ) ಆ್ಯಪ್‌ನ ಸ್ಕ್ಯಾನ್‌ನಲ್ಲೇ ತೆಗೀಲಿ (ಕ್ಯಾಮೆರಾ ಫೋಟೋದಲ್ಲಿ ನೆರಳು ಬಿದ್ದು ಅಕ್ಷರ ಕಾಣಲ್ಲ), ಮಾತನ್ನು ರೆಕಾರ್ಡರ್‌ನಲ್ಲಿ ಒಂದು ನಿಮಿಷದೊಳಗೆ ಮುಗಿಸಲಿ, ಎರಡನ್ನೂ ತಮ್ಮ ಡ್ರೈವ್ ಫೋಲ್ಡರ್‌ಗೆ ಹಾಕಲಿ. ಲ್ಯಾಬ್‌ನಲ್ಲಿ ಜೋಡಣೆ ಮಾತ್ರ. 40 ನಿಮಿಷದ ಪೀರಿಯಡ್‌ನಲ್ಲಿ ಒಬ್ಬರಿಗೆ 20 ನಿಮಿಷ ಕೊಟ್ಟರೆ 8 ಕಂಪ್ಯೂಟರ್‌ನಲ್ಲಿ 16 ಮಕ್ಕಳು; ಒಂದು ಎಫ್ಎಗೆ ಮೂರು ಪೀರಿಯಡ್ ಸಾಕು.

ಒಂದು ಎಫ್ಎಗೆ ಒಂದು ಪುಟ. 'ಇನ್ಸರ್ಟ್' ಪಟ್ಟಿಯಲ್ಲಿ ಎರಡು ಕಾಲಮಿನ ಲೇಔಟ್ ತಗೊಂಡು ಎಡಕ್ಕೆ ಮೊದಲ ಕರಡು, ಬಲಕ್ಕೆ ತಿದ್ದಿದ ಪ್ರತಿ. ಕೆಳಗೆ ಡ್ರೈವ್‌ನಿಂದ ಧ್ವನಿ ಕಡತ. ಪುಟದಲ್ಲೇ ಪ್ಲೇ ಆಗುತ್ತೆ. ಅದರ ಕೆಳಗೆ "ಏನು ಬದಲಾಯಿಸಿದೆ, ಯಾಕೆ" ಅಂತ ಎರಡೇ ವಾಕ್ಯ. ಹಿರಿಯೂರಿನ ವಾಣಿವಿಲಾಸ ಸಾಗರದ ಯೋಜನೆ ಅಂದುಕೊಳ್ಳಿ. ಮೊದಲ ಕರಡಿನಲ್ಲಿ ಮಗು ಅಣೆಕಟ್ಟು ತುಂಗಭದ್ರೆಗೆ ಅಂತ ಬರೆದಿತ್ತು. ನಕ್ಷೆ ನೋಡಿ ವೇದಾವತಿ ಅಂತ ತಿದ್ದಿ, 1907ರಲ್ಲಿ ಮುಗಿದದ್ದನ್ನೂ ಸೇರಿಸಿತು. ಆ ತಪ್ಪಿನ ಪುಟವನ್ನು ದಯವಿಟ್ಟು ಅಳಿಸಬೇಡಿ. ಬರೀ ಅಂತಿಮ ಪ್ರತಿ ಇಟ್ಟರೆ ಅದು ಫೋಟೋ ಆಲ್ಬಂ, ಮಗು ಕಲಿತದ್ದು ಅದರಲ್ಲಿ ಕಾಣಲ್ಲ.

ಸೈಟ್ಸ್‌ನಲ್ಲಿ ಕಮೆಂಟ್ ಪೆಟ್ಟಿಗೆ ಇಲ್ಲ. ಮೂರು ಪ್ರಶ್ನೆಯ ಗೂಗಲ್ ಫಾರ್ಮ್ ಮಾಡಿ ಪುಟದ ಕೊನೆಗೆ ಸೇರಿಸಿ: ಏನು ಇಷ್ಟವಾಯಿತು, ಏನು ಅರ್ಥವಾಗಲಿಲ್ಲ, ಒಂದು ಸಲಹೆ. ಉತ್ತರಗಳು ಮೊದಲು ನಿಮ್ಮ ಕೈಗೆ ಬರಲಿ. ಸಹಪಾಠಿಗಳು ಬರೆದದ್ದನ್ನು ನೋಡಿಯೇ ಮಗುವಿಗೆ ಕೊಡಿ.

ಜಾಗದ ಲೆಕ್ಕ: ಉಚಿತ ಖಾತೆಗೆ 15 ಜಿಬಿ, ಅದರಲ್ಲೇ ಜಿಮೇಲ್, ಫೋಟೋಸ್ ಎಲ್ಲ. 1080ಪಿ (ಫುಲ್ ಎಚ್‌ಡಿ) ವಿಡಿಯೋ ನಿಮಿಷಕ್ಕೆ ಸುಮಾರು 100 ಎಂಬಿ ಹಿಡೀರಿ. 40 ಮಕ್ಕಳು, ತಲಾ ನಾಲ್ಕು ನಿಮಿಷ ಅಂದರೆ 16 ಜಿಬಿ. ಎಲ್ಲರದ್ದನ್ನೂ ನೀವೇ ಅಪ್‌ಲೋಡ್ ಮಾಡಿದರೆ ನಿಮ್ಮ ಖಾತೆ ತುಂಬಿ, ಮೇಲ್ ಬರೋದೂ ನಿಲ್ಲುತ್ತೆ. ಜಾಗ ಹೋಗೋದು ಅಪ್‌ಲೋಡ್ ಮಾಡಿದವರ ಖಾತೆಯಿಂದ, ಹಾಗಾಗಿ ಮಕ್ಕಳ ಖಾತೆಯಿಂದಲೇ ಹಾಕಿಸಿ. ವಿಡಿಯೋ ಬದಲು ಆಡಿಯೋ ಇದ್ದರೆ ಈ ತಲೆನೋವೇ ಇಲ್ಲ.

ಪ್ರಶ್ನೆ (ಅದೇ ಶಿಕ್ಷಕಿ): ಒಂದು ಮಗುವಿನ ಸೈಟ್ ಮಾಡಿ ನೋಡಿದೆವು. ಅವನಿಗೆ ಎಲ್ಲ ಕಾಣುತ್ತೆ. ಅವರಪ್ಪನ ಮೊಬೈಲ್‌ನಲ್ಲಿ ಸ್ಕ್ಯಾನ್ ಬರ್ತಿಲ್ಲ, ಅನುಮತಿ ಬೇಕು ಅಂತಿದೆ. ಕನ್ನಡ ಟೈಪ್ ಮಾಡಿದ್ದೂ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

ಉತ್ತರ (ಪ್ರೌಢಶಾಲಾ ಕಂಪ್ಯೂಟರ್ ಶಿಕ್ಷಕಿ, ಹರಿಹರ): ಮೊದಲನೆಯದು ಎಲ್ಲ ಕಡೆ ಆಗೋದೇ. ಸೈಟ್‌ನ ಅನುಮತಿ ಬೇರೆ, ಅದರೊಳಗಿನ ಡ್ರೈವ್ ಕಡತದ ಅನುಮತಿ ಬೇರೆ. ಹುಡುಗ ಮಾಲೀಕ, ಅವನಿಗೆ ಎಲ್ಲ ಕಾಣುತ್ತೆ. ಕಡತಗಳನ್ನೆಲ್ಲ ಒಂದೇ ಫೋಲ್ಡರ್‌ನಲ್ಲಿಟ್ಟು, ಸೈಟ್ ನೋಡಲು ಯಾರ ಇಮೇಲ್ ಸೇರಿಸಿದ್ದೀರೋ ಅದೇ ಇಮೇಲ್‌ಗಳಿಗೆ ಫೋಲ್ಡರನ್ನೂ 'ವ್ಯೂವರ್' ಆಗಿ ಶೇರ್ ಮಾಡಿಸಿ. ಇನ್ನೊಂದು: ತಿದ್ದಿದ ಮೇಲೆ ಮತ್ತೆ 'ಪಬ್ಲಿಷ್' ಒತ್ತದಿದ್ದರೆ ಹೊರಗಿನವರಿಗೆ ಹಳೆಯದೇ ಕಾಣುತ್ತೆ.

ಕನ್ನಡದ್ದು ನುಡಿ ತಂತ್ರಾಂಶದ ಹಳೇ ಫಾಂಟ್ ಸಮಸ್ಯೆ. ಅದು ಯೂನಿಕೋಡ್ (ಎಲ್ಲ ಸಾಧನಗಳಲ್ಲೂ ಒಂದೇ ರೀತಿ ಓದಿಸುವ ಅಕ್ಷರ ಸಂಕೇತ) ಅಲ್ಲ, ಫಾಂಟ್ ಇಲ್ಲದ ಕಡೆ ಹಾಗೇ ಕಾಣೋದು. ಪರಿವರ್ತಕದಲ್ಲಿ ಯೂನಿಕೋಡ್‌ಗೆ ತಿರುಗಿಸಿ ಅಂಟಿಸಿ. ಒತ್ತಕ್ಷರ, ಅರ್ಕಾವತ್ತು ಒಮ್ಮೆ ಓದಿ ನೋಡಿ, ಅಲ್ಲೇ ಕೆಡೋದು. ಹೊಸದಾಗಿ ಬರೆಯೋದಕ್ಕೆ ಮೊಬೈಲ್‌ನ ಜಿಬೋರ್ಡ್‌ (ಗೂಗಲ್ ಕೀಬೋರ್ಡ್) ಆ್ಯಪ್‌ನಲ್ಲಿ ಕನ್ನಡ ಧ್ವನಿ ಟೈಪಿಂಗ್ ಸಲೀಸು.

ಪ್ರಶ್ನೆ (ಮುಖ್ಯ ಶಿಕ್ಷಕ, ಚಳ್ಳಕೆರೆ): ಸೈಟನ್ನು ಎಲ್ಲರಿಗೂ ತೆರೆದು, ಪೋಷಕರ ಸಭೆಯಲ್ಲಿ ಕ್ಯೂಆರ್ ಕೋಡ್ ಅಂಟಿಸಿದರೆ ಸುಲಭ ಅಲ್ವಾ?

ಉತ್ತರ (ಐಸಿಟಿ ತರಬೇತುದಾರ, ದಾವಣಗೆರೆ): ಸುಲಭ ಹೌದು, ನಾನು ಒಪ್ಪಲ್ಲ. ಮಕ್ಕಳ ಮುಖ, ಧ್ವನಿ, ಹೆಸರು ಯಾರು ಬೇಕಾದರೂ ನೋಡೋ ಹಾಗಾಗುತ್ತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಪೋಷಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತಗೊಂಡೇ ಶುರುಮಾಡಿ. 13 ತುಂಬದ ಮಗುವಿಗೆ ಸ್ವಂತ ಗೂಗಲ್ ಖಾತೆ ಮಾಡಿಸಬೇಡಿ. ಪೋಷಕರು ಗೂಗಲ್‌ನ ಫ್ಯಾಮಿಲಿ ಲಿಂಕ್‌ನಲ್ಲಿ (ಮಗುವಿನ ಖಾತೆಯ ಮೇಲೆ ನಿಗಾ ಇಡುವ ಆ್ಯಪ್) ಮಾಡಿಕೊಡಬೇಕು, ಇಲ್ಲವೇ ಶಾಲೆಯೇ ನಿರ್ವಹಿಸುವ ಖಾತೆ ಇರಬೇಕು.

ತೆರೆದೇ ಇಡಬೇಕಾದರೆ ಪಬ್ಲಿಷ್ ಮಾಡುವಾಗ ಸರ್ಚ್ ಎಂಜಿನ್‌ಗಳಲ್ಲಿ ತೋರಿಸಬೇಡಿ ಎನ್ನುವ ಆಯ್ಕೆಗೆ ಟಿಕ್ ಹಾಕಿ, ಮುಖದ ಫೋಟೋ ತೆಗೆದುಹಾಕಿ, ಪೂರ್ತಿ ಹೆಸರಿನ ಬದಲು ಮೊದಲ ಅಕ್ಷರ ಬಳಸಿ. ಸೈಟ್ ವಿಳಾಸದಲ್ಲೂ ಮಗುವಿನ ಹೆಸರು, ಊರು ಬೇಡ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿಸಿ, ಇಲ್ಲದಿದ್ದರೆ ಫೋಟೋ ಕಡತದಲ್ಲಿ ಮನೆಯ ಜಾಗವೂ ದಾಖಲಾಗಿರುತ್ತೆ.

ಶಾಲೆಯ ಖಾತೆಯಾದರೆ, ಮಗು ಶಾಲೆ ಬಿಟ್ಟ ಮೇಲೆ ಅದನ್ನು ಮುಚ್ಚಿದರೆ ಸಂಪುಟವೂ ಹೋಗುತ್ತೆ. ಮಾರ್ಚ್‌ನೊಳಗೆ ಪ್ರತಿ ಪುಟವನ್ನು ಪಿಡಿಎಫ್ ಆಗಿ ಪ್ರಿಂಟ್ ಮಾಡಿಸಿ. ಧ್ವನಿ ಅದರಲ್ಲಿ ಬರಲ್ಲ, ಆಡಿಯೋ ಫೋಲ್ಡರನ್ನು ಬೇರೆಯಾಗಿ ಡೌನ್‌ಲೋಡ್ ಮಾಡಿ ಪೋಷಕರಿಗೆ ಕೊಡಿ.