ಐಸೋಟೋಪ್‌ಗೆ ಕನ್ನಡ ಪದ ಬೇಕು, ನಾಳೆ ಅಚ್ಚಿಗೆ

ವಿಜ್ಞಾನ ಪ್ರದರ್ಶನದ ಫಲಕವೊಂದನ್ನು ಅನುವಾದ ಮಾಡುತ್ತಿದ್ದೇನೆ. ‘ಕ್ಲೋರಿನ್‌ಗೆ ಎರಡು ಸ್ಥಿರ ಐಸೋಟೋಪ್‌ಗಳಿವೆ’ ಅನ್ನೋ ಸಾಲು. ‘ಸಮಸ್ಥಾನಿ’ ಗೊತ್ತು. ಆದರೆ ಯಾವ ಸ್ಥಾನ, ಯಾವುದಕ್ಕೆ ಸಮ ಅಂತ ಓದುವವರಿಗೆ ಹೊಳೆಯಲ್ಲ. ‘ಸಮತೂಕಿ’ ಆಗಬಹುದಾ? ನಾಳೆ ಬೆಳಿಗ್ಗೆಯೇ ಅಚ್ಚಿಗೆ ಕೊಡಬೇಕು.

ಮರು:
‘ಸಮತೂಕಿ’ ಖಂಡಿತ ಬೇಡ. ಅರ್ಥವೇ ತಲೆಕೆಳಗಾಗುತ್ತದೆ. ಒಂದೇ ಧಾತುವಿನ ಪರಮಾಣುಗಳ ತೂಕ ಬೇರೆಬೇರೆ ಇರುವುದೇ ಇಲ್ಲಿ ವಿಷಯ, ಅಲ್ವಾ? ಕ್ಲೋರಿನ್ ಪರಮಾಣು ಅಂದಮೇಲೆ ಪ್ರೋಟಾನ್ 17 ಇರಲೇಬೇಕು. ನ್ಯೂಟ್ರಾನ್ ಕೆಲವದರಲ್ಲಿ 18, ಕೆಲವದರಲ್ಲಿ 20. ಎರಡನ್ನೂ ಕೂಡಿದರೆ ಕ್ಲೋರಿನ್-35, ಕ್ಲೋರಿನ್-37. ಪ್ರಕೃತಿಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು 35ರದ್ದೇ. ಧಾತುಗಳನ್ನು ಜೋಡಿಸಿಟ್ಟ ಆವರ್ತ ಕೋಷ್ಟಕದಲ್ಲಿ ಕ್ಲೋರಿನ್ ತೂಕ ಅಂತ ಬರೆದಿರುವ 35.45 ಈ ಬೆರಕೆಯ ಸರಾಸರಿ. ತೂಕ ಒಂದೇ ಇದ್ದು ಧಾತು ಬೇರೆಯಾದರೆ ಅದು ಐಸೋಬಾರ್: ಆರ್ಗಾನ್-40, ಕ್ಯಾಲ್ಸಿಯಂ-40 ಇದ್ದ ಹಾಗೆ.

ಇನ್ನು ‘ಸ್ಥಾನ’. ಅದು ಆವರ್ತ ಕೋಷ್ಟಕದ ಮನೆ. ವಿಕಿರಣ ಸೂಸುವ ಧಾತುಗಳನ್ನು ಪರೀಕ್ಷಿಸುತ್ತಿದ್ದವರಿಗೆ ಹೊಸ ಹೊಸ ‘ಧಾತು’ಗಳು ಸಿಗುತ್ತಲೇ ಇದ್ದವು. ಕೋಷ್ಟಕದಲ್ಲಿ ಅಷ್ಟು ಖಾಲಿ ಮನೆಗಳೇ ಇರಲಿಲ್ಲ. ಕೆಲವನ್ನಂತೂ ಯಾವ ರಾಸಾಯನಿಕ ಕ್ರಿಯೆಯಿಂದಲೂ ಬೇರ್ಪಡಿಸಲಾಗಲಿಲ್ಲ. ಹಾಗಾದರೆ ಇವು ಒಂದೇ ಮನೆಯವು ಎಂದರು ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಸಾಡಿ. ವೈದ್ಯೆಯೂ ಲೇಖಕಿಯೂ ಆಗಿದ್ದ ಮಾರ್ಗರೆಟ್ ಟಾಡ್ ಗ್ರೀಕ್‌ನ ‘ಐಸೊಸ್’ (ಸಮ), ‘ಟೊಪೊಸ್’ (ಜಾಗ) ಸೇರಿಸಿ ಹೆಸರು ಸೂಚಿಸಿದರು. 1913ರಲ್ಲಿ ಸಾಡಿ ಅದನ್ನು ಅಚ್ಚಿಗೆ ತಂದರು. ನ್ಯೂಟ್ರಾನ್ ಸಿಕ್ಕಿದ್ದು 1932ರಲ್ಲಿ. ಆದ್ದರಿಂದ ಪದದೊಳಗೆ ನ್ಯೂಟ್ರಾನ್ ಹುಡುಕಬೇಡಿ. ‘ಸಮಸ್ಥಾನಿ’ ಗ್ರೀಕ್ ಪದಕ್ಕೆ ಅಚ್ಚುಕಟ್ಟಾಗಿ ಕೂರುತ್ತದೆ. ಅದನ್ನೇ ಹಾಕಿ.

ಮರು:
ಗ್ರೀಕ್ ತೆಗೆದು ಸಂಸ್ಕೃತ ತಂದರೆ ಎರವಲು ತಪ್ಪಿತೇ? ‘ಓರೆಡೆ’ ಅನ್ನಿ. ಒಂದೇ ಎಡೆಯಲ್ಲಿರುವುದು. ಪದ ಕಟ್ಟುವ ಶಕ್ತಿ ಕನ್ನಡಕ್ಕಿದೆ, ಅದನ್ನು ಬಳಸದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ.

ಮರು:
‘ಓರೆ’ ಅಂದ ಕೂಡಲೇ ಸೊಟ್ಟ ಎಂದೇ ಓದುತ್ತಾರೆ. ನಡೆಯಲ್ಲ. ‘ಸಮ’, ‘ಸ್ಥಾನ’ ಎರಡೂ ಮನೆಮಾತಾಗಿ ಎಷ್ಟೋ ಕಾಲವಾಯಿತು. ಬೇರು ಎಲ್ಲಿಯದು ಅಂತ ಜಗಳವಾಡುವುದನ್ನು ಬೇರೆ ಎಳೆಯಲ್ಲಿ ಮಾಡೋಣ, ಇವರಿಗೆ ಇವತ್ತೇ ಪದ ಬೇಕು. ಫಲಕ ನೋಡುವ ಮಕ್ಕಳು ಮುಂದೆ ‘ಐಸೋಟೋಪ್’ ಅನ್ನೇ ಜಾಸ್ತಿ ಕೇಳುತ್ತಾರೆ, ಹಾಗಾಗಿ ಅದನ್ನೂ ಬಿಡಬೇಡಿ. ಹೀಗೆ ಬರೆಯಿರಿ: ‘ಕ್ಲೋರಿನ್‌ಗೆ ಎರಡು ಸ್ಥಿರ ಸಮಸ್ಥಾನಿಗಳು, ಅಂದರೆ ಐಸೋಟೋಪ್‌ಗಳು, ಇವೆ. ಆವರ್ತ ಕೋಷ್ಟಕದಲ್ಲಿ ಎರಡಕ್ಕೂ ಒಂದೇ ಮನೆ, ತೂಕ ಮಾತ್ರ ಬೇರೆ.’