ಕೃಷಿ ಪದವಿಯೋ, ಜೀವವಿಜ್ಞಾನ ಪದವಿಯೋ?

ಪ್ರಶ್ನೆ:
ಸಸ್ಯಗಳ ಆನುವಂಶಿಕತೆ ಮತ್ತು ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ನನಗೆ ಆಸಕ್ತಿಯಿದೆ. ಎರಡೂ ಪದವಿಗಳ ಪಠ್ಯಕ್ರಮವನ್ನು ಅಕ್ಕಪಕ್ಕ ಇಟ್ಟು ನೋಡಿದರೆ ವಿಷಯಗಳ ಹೆಸರುಗಳು ಬಹುಪಾಲು ಒಂದೇ ಆಗಿರುವುದರಿಂದ, ನಿಜವಾದ ವ್ಯತ್ಯಾಸ ಎಲ್ಲಿದೆ ಎಂಬುದು ತಿಳಿಯುತ್ತಿಲ್ಲ. ಮುಂದೆ ಸಂಶೋಧನೆ ಮಾಡುವ ಇಚ್ಛೆಯಿದೆ. ಗಣಿತ ನನಗೆ ಅಷ್ಟಾಗಿ ಒಲಿದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಉತ್ತರ 1:
ಹೆಸರು ಒಂದೇ ಇದ್ದರೂ ಕೇಳುವ ಪ್ರಶ್ನೆ ಬೇರೆ. ದ್ವಿದಳ ಬೆಳೆಯ ಬೇರುಗಂಟನ್ನೇ ತೆಗೆದುಕೊಳ್ಳಿ. ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವಿದ್ದರೂ ಸಸ್ಯ ಅದನ್ನು ನೇರವಾಗಿ ಬಳಸಲಾರದು. ಗಂಟಿನೊಳಗಿನ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಆಗಿ ಮಾರ್ಪಡಿಸುತ್ತದೆ. ಈ ಕೆಲಸ ಮಾಡುವ ನೈಟ್ರೋಜಿನೇಸ್ ಕಿಣ್ವ ಆಮ್ಲಜನಕ ತಗುಲಿದರೆ ಕೆಡುತ್ತದೆ. ಅದನ್ನು ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನ್ ಹೇಗೆ ಕಾಯುತ್ತದೆ, ಸಸ್ಯವೂ ಬ್ಯಾಕ್ಟೀರಿಯಾವೂ ಒಂದನ್ನೊಂದು ಹೇಗೆ ಗುರುತಿಸುತ್ತವೆ ಎಂಬುದು ಜೀವವಿಜ್ಞಾನ ತರಗತಿಯ ಚರ್ಚೆ. ಕೃಷಿ ವಿದ್ಯಾರ್ಥಿಗಳು ಅದೇ ಗಂಟನ್ನು ಹೊಲದಲ್ಲಿ ಸೀಳಿ, ಒಳಗೆ ನಸುಗೆಂಪು ಬಣ್ಣವಿದೆಯೇ ಎಂದು ನೋಡುತ್ತಾರೆ. ಆ ಬಣ್ಣವೂ ಲೆಗ್‌ಹಿಮೋಗ್ಲೋಬಿನ್‌ನದೇ. ಗಂಟು ಕೆಲಸ ಮಾಡುತ್ತಿದೆ ಎಂಬುದರ ಗುರುತು. ಮಣ್ಣಿನಲ್ಲಿ ಸಾರಜನಕ ಗೊಬ್ಬರ ಹೆಚ್ಚಾಗಿದ್ದರೆ ಅಥವಾ ಮಣ್ಣು ತೀರಾ ಆಮ್ಲೀಯವಾಗಿದ್ದರೆ ಗಂಟುಗಳು ಕಡಿಮೆಯಾಗುವುದರಿಂದ, ಬಿತ್ತುವ ಬೀಜಕ್ಕೆ ರೈಜೋಬಿಯಂ ಲೇಪಿಸುವ ಬೀಜೋಪಚಾರ ಫಲಿಸುವುದೇ, ಖರ್ಚಿಗೆ ತಕ್ಕ ಇಳುವರಿ ಸಿಗುವುದೇ ಎಂಬ ಲೆಕ್ಕ ಅವರ ಪಾಲಿಗೆ ಬರುತ್ತದೆ. ಇವೆರಡರಲ್ಲಿ ನಿಮ್ಮನ್ನು ಹೆಚ್ಚು ಕಾಡುವ ಪ್ರಶ್ನೆ ಯಾವುದೆಂದು ಯೋಚಿಸಿ.

ಉತ್ತರ 2:
ಕೃಷಿಗೆ ಹೋದರೆ ಗಣಿತದಿಂದ ಪಾರಾಗಬಹುದು ಎಂಬ ಎಣಿಕೆಯಿದ್ದರೆ ಅದನ್ನು ಬಿಟ್ಟುಬಿಡಿ. ಒಂದೇ ಹೊಲದ ಎರಡು ಮೂಲೆಗಳ ಮಣ್ಣು ಒಂದೇ ಸಮನಾಗಿರುವುದಿಲ್ಲವಾದ್ದರಿಂದ, ಹೆಚ್ಚಿನ ಇಳುವರಿ ತಳಿಯ ಗುಣವೋ ಮಣ್ಣಿನ ಗುಣವೋ ಎಂದು ಬೇರ್ಪಡಿಸಲು ಸಂಖ್ಯಾಶಾಸ್ತ್ರವಿಲ್ಲದೆ ಸಾಧ್ಯವಿಲ್ಲ. 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರವನ್ನು ಸೇರಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್, ಅಲ್ಲಿ 1843ರಿಂದ ನಡೆದುಬಂದಿದ್ದ ಗೋಧಿ ಪ್ರಯೋಗದ ದಾಖಲೆಗಳನ್ನು ಪರಿಶೀಲಿಸಿದರು. ಇಂದು ಪ್ರಯೋಗಾಲಯದ ಜೀವವಿಜ್ಞಾನಿಗಳೂ ನಂಬಿಕೊಂಡಿರುವ ಪ್ರಯೋಗ ವಿನ್ಯಾಸದ ವಿಧಾನಗಳನ್ನು ಅವರು ರೂಪಿಸಿದ್ದು ಆ ಕೇಂದ್ರದಲ್ಲಿದ್ದಾಗಲೇ. ಹೆದರಬೇಕಿಲ್ಲ; ಇಲ್ಲಿ ಬೇಕಾಗುವುದು ಕಠಿಣ ಕಲನಶಾಸ್ತ್ರಕ್ಕಿಂತ ತಾಳ್ಮೆಯ ತರ್ಕ.

ಉತ್ತರ 3:
ಮೊದಲ ಉತ್ತರ ಎರಡು ಪದವಿಗಳ ನಡುವೆ ಎಳೆದ ಗೆರೆ ಸ್ವಲ್ಪ ಹೆಚ್ಚೇ ನೇರವಾಗಿದೆ. ಹಸಿರು ಕ್ರಾಂತಿಯ ಗೋಧಿ ತಳಿವಿಜ್ಞಾನಿ ನಾರ್ಮನ್ ಬೋರ್ಲಾಗ್ ಬಳಸಿದ ಗಿಡ್ಡ ಗೋಧಿಯ ವಂಶವಾಹಿಗಳು ಕಾಂಡವನ್ನು ಉದ್ದವಾಗಿ ಬೆಳೆಸುವ ಜಿಬ್ಬರೆಲಿನ್ ಹಾರ್ಮೋನಿಗೆ ಗಿಡ ಸ್ಪಂದಿಸದಂತೆ ಮಾಡುತ್ತವೆ ಎಂಬುದರ ಅಣುಮಟ್ಟದ ವಿವರ ದಶಕಗಳ ನಂತರ ತಿಳಿಯಿತು. ತಳಿ ಅಭಿವೃದ್ಧಿಯಲ್ಲಿ ಹೊಲವೂ ಪ್ರಯೋಗಾಲಯವೂ ಹೀಗೆ ಬೆರೆತೇ ಇರುತ್ತವೆ. ಸಂಶೋಧನೆಗೆ ಎರಡು ಕಡೆಯಿಂದಲೂ ದಾರಿಯಿದೆ. ಆದರೆ ಕೃಷಿ ಪದವಿಯಲ್ಲಿ ಸಾಮಾನ್ಯವಾಗಿ ಅರ್ಥಶಾಸ್ತ್ರ, ವಿಸ್ತರಣಾ ಶಿಕ್ಷಣ (ಕೃಷಿ ಜ್ಞಾನವನ್ನು ರೈತರಿಗೆ ತಲುಪಿಸುವ ವಿಷಯ), ಕೀಟಶಾಸ್ತ್ರಗಳನ್ನೂ ಓದಬೇಕಾಗುತ್ತದೆ. ಸೇರುವ ಮೊದಲು ಕಡ್ಡಾಯ ವಿಷಯಗಳ ಪಟ್ಟಿಯನ್ನೂ ಕೊನೆಯ ವರ್ಷದಲ್ಲಿ ಸ್ವತಂತ್ರ ಸಂಶೋಧನಾ ಯೋಜನೆ ಇದೆಯೇ ಎಂಬುದನ್ನೂ ನೋಡಿಕೊಳ್ಳಿ.